ಬಲಗಣ್ಣು ನನ್ನದು, ಎಡಗಣ್ಣು ಮಗಳದು

“ನನ್ನ ಉಸಿರಿರೋ ತನಕ ಆ ಪಾಸ್‌ವರ್ಡ್ ಬದಲಾಗಲ್ಲ! ಬೇಕಿದ್ರೆ ನನ್ನನ್ನೇ ಈ ಮನೆಯಿಂದ ಬದಲಾಯಿಸಿಬಿಡಿ!”

ಕನ್ನಡಕದಮ್ಮ ಲೋಟ ಕುಕ್ಕಿದ ರಭಸಕ್ಕೆ ಅರ್ಧ ಕಾಫಿ ಮೇಜಿನ ಮೇಲೆ ಹರಿಯಿತು. ಯಜಮಾನರು ಎದ್ದು ಬಟ್ಟೆ ತಂದು ಒರೆಸತೊಡಗಿದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರು ಕಲಿತ ದೊಡ್ಡ ವಿದ್ಯೆ ಅದೊಂದೇ, ಹೆಂಡತಿ ಗುಡುಗಿದಾಗ ಕೈಗೊಂದು ಕೆಲಸ ಹಚ್ಚಿಕೊಳ್ಳುವುದು. ಮಗ ಅಮ್ಮನ ಮುಖ ಒಮ್ಮೆ, ಹೆಂಡತಿಯ ಮುಖ ಒಮ್ಮೆ ನೋಡಿ, ಎರಡರಲ್ಲೂ ತನಗೆ ಜಾಗವಿಲ್ಲವೆಂದು ತಿಳಿದು ತಟ್ಟೆಯೊಳಗೆ ತಲೆ ಹಾಕಿದ. ಸೊಸೆಯೊಬ್ಬಳೇ ಅತ್ತೆಯನ್ನು ನೇರವಾಗಿ ನೋಡಿದಳು. ಮದುವೆಯಾಗಿ ನಾಲ್ಕು ತಿಂಗಳಾಗಿತ್ತಷ್ಟೆ. ಹೆದರುವುದನ್ನು ಇನ್ನೂ ಕಲಿತಿರಲಿಲ್ಲ.

“ಅತ್ತೆ, ಶನಿವಾರ ಮಧ್ಯಾಹ್ನ ಎರಡಕ್ಕೆ ಹಳೇದು ಮುಚ್ಚಲೇಬೇಕು. ನಿನ್ನೆ ಗಾಜು ಕೊರೆಯೋ ಯಂತ್ರ ಮೂರು ಸಲ ಅರ್ಧಕ್ಕೆ ನಿಂತಿದೆ. ಗಿರಾಕಿಗಳ ಕಣ್ಣಿನ ಲೆಕ್ಕವೆಲ್ಲ ಅದೇ ಕಂಪ್ಯೂಟರಲ್ಲಿದೆ. ನಮ್ಮ ಮನೇಲಿರೋದು ನಾಲ್ಕು ಜನ, ನಮ್ಮ ವೈಫೈಯಲ್ಲಿರೋದು ಎಂಬತ್ತಾರು!”

ಎಂಬತ್ತಾರು ಎಂಬುದು ಸುಳ್ಳಲ್ಲ. ಅದಕ್ಕೆ ಕಾರಣವೂ ಗುಟ್ಟಲ್ಲ. ಅದೊಂದು ಮೂರಂತಸ್ತಿನ ಮನೆ. ಕೆಳಗೆ ಕನ್ನಡಕದ ಅಂಗಡಿ, ನಡುವೆ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕಾರ್ಖಾನೆ, ಮೇಲೆ ಸಂಸಾರ. ಈ ಮೂರಕ್ಕೂ ಮಾತು ಕನ್ನಡಕದಮ್ಮನದೇ. ಬೀದಿಯವರು ಇಟ್ಟ ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಅವಳ ನಿಜವಾದ ಹೆಸರು ಹೇಳಿ ಯಾರಾದರೂ ಕೇಳಿದರೆ ಯಜಮಾನರೇ ಒಂದು ಗಳಿಗೆ ಯೋಚಿಸುತ್ತಿದ್ದರು. ಮನೆಗೆ ಮೊದಲ ಸಲ ವೈಫೈ ಹಾಕಿಸಿದ ದಿನ, ಪಾಸ್‌ವರ್ಡ್ ಏನಿಡಬೇಕೆಂದು ಕೇಳಿದಾಗ ಯಜಮಾನರು ಅತ್ತಿತ್ತ ನೋಡಿ, ಗೋಡೆಯ ಮೇಲಿದ್ದ ಕಣ್ಣು ಪರೀಕ್ಷೆಯ ಫಲಕದ ಕಟ್ಟಕಡೆಯ ಸಾಲನ್ನೇ ಇಟ್ಟುಬಿಟ್ಟಿದ್ದರು. ಅಂದಿನಿಂದ ಹೊಸ ಕನ್ನಡಕ ಹಾಕಿಕೊಂಡ ಪ್ರತಿಯೊಬ್ಬ ಗಿರಾಕಿಯೂ ಆ ಕುರ್ಚಿಯಲ್ಲಿ ಕೂತು, ಊರಿಗೆಲ್ಲ ಕೇಳುವಂತೆ ಪಾಸ್‌ವರ್ಡನ್ನು ಗಟ್ಟಿಯಾಗಿ ಓದಿ, ತಪ್ಪಿಲ್ಲದೆ ಓದಿದ್ದಕ್ಕೆ ಶಹಭಾಸ್ ಎನ್ನಿಸಿಕೊಂಡು ಹೋಗುತ್ತಿದ್ದ. ಪಕ್ಕದ ಕ್ಷೌರದಂಗಡಿಯವನಿಗಂತೂ ಕಣ್ಣು ಸರಿಯಾಗಿಯೇ ಇತ್ತು. ಆ ಸಾಲಿಗೋಸ್ಕರ ಎರಡು ಸಲ ಪರೀಕ್ಷೆ ಮಾಡಿಸಿಕೊಂಡಿದ್ದ.

ಸೊಸೆಯ ಕಸುಬೇ ಇದು. ಹಾಸ್ಟೆಲುಗಳಿಗೆ, ಆಸ್ಪತ್ರೆಗಳಿಗೆ, ಕಚೇರಿಗಳಿಗೆ ವೈಫೈ ಕೂರಿಸುವವಳು. ಹೆಗಲ ಮೇಲೆ ಮಡಚುವ ಏಣಿ ಹೊತ್ತುಕೊಂಡೇ ಮೊದಲ ಸಲ ಈ ಮನೆ ಮೆಟ್ಟಿಲು ಹತ್ತಿದ್ದರಿಂದ, ಅತ್ತೆ ಅವಳಿಗೆ ‘ಏಣಿ’ ಎಂದೇ ಹೆಸರಿಟ್ಟಿದ್ದಳು. ಆ ಏಣಿ ಈಗ ಮೇಜಿನ ಮೇಲೆ ಹೊಸ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು, ಮಗುವಿಗೆ ಹೇಳುವ ತಾಳ್ಮೆಯಿಂದ ಹೇಳತೊಡಗಿದಳು.

“ವೈಫೈ ಹೆಸರು ಅದೇ ಇರುತ್ತೆ ಅತ್ತೆ. ಆದರೆ ಎಲ್ಲರಿಗೂ ಒಂದೇ ಕೀಲಿ ಇರಲ್ಲ. ನಿಮಗೆ ನಿಮ್ಮದು, ಮಾವನಿಗೆ ಮಾವನದು, ಯಂತ್ರಕ್ಕೆ ಯಂತ್ರದ್ದು. ಒಬ್ಬರ ಫೋನ್ ಕಳೆದುಹೋದರೆ ಆ ಒಂದು ಕೀಲಿ ಮುಚ್ಚಿದರಾಯ್ತು, ಉಳಿದವರಿಗೆ ಗೊತ್ತೂ ಆಗಲ್ಲ. ಯಾರು ಒಳಗಿದ್ದಾರೆ ಅಂತ ಹೆಸರು ಸಮೇತ ಪರದೆ ಮೇಲೆ ಕಾಣುತ್ತೆ.”

“ಹೂಂ! ಒಂದೇ ಮನೆಯಲ್ಲಿ ತಲೆಗೊಂದು ಕೀಲಿ! ನಾಳೆ ತಲೆಗೊಂದು ಒಲೆ ಅಂತೀಯ. ನಾಲ್ಕು ತಿಂಗಳಿಗೇ ಮನೆ ಒಡೆಯೋಕೆ ಬಂದೆಯಲ್ಲೇ, ಮಹಾತಾಯಿ!”

ಸೊಸೆಯ ಕಣ್ಣು ತುಂಬಿ ಬಂತು. ಕನ್ನಡಕದಮ್ಮನಿಗೆ ಅದು ಕಾಣಿಸಿತು. ಆದರೆ ಏನು ಮಾಡುವುದು? ನಿಜ ಹೇಳುವ ಹಾಗಿರಲಿಲ್ಲ. ಮುಖ ತಿರುಗಿಸಿಕೊಂಡು ಕಾರ್ಖಾನೆಯ ಮೆಟ್ಟಿಲಿಳಿದಳು.

ನಿಜವೇನೆಂದರೆ, ಅವಳಿಗೊಬ್ಬಳು ಮಗಳಿದ್ದಳು. ಆರು ವರ್ಷದಿಂದ ಆ ಮನೆಯೊಳಗೆ ಯಾರೂ ಎತ್ತದ ಸುದ್ದಿ ಅದು. ಮಗನಿಗಿಂತ ಮೂರು ವರ್ಷ ದೊಡ್ಡವಳು. ಗಾಜಿನ ಅಂಚು ಉಜ್ಜುವುದರಲ್ಲಿ ಅಮ್ಮನನ್ನೇ ಮೀರಿಸಿದ ಕೈ. ಒಂದು ದಿನ ಶಾಲೆಯ ಟೀಚರೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಎರಡು ದಿನ ತಲೆನೋವಿನಿಂದ ಒದ್ದಾಡಿ, ಮೂರನೆಯ ದಿನ ಅಂಗಡಿಗೆ ಬಂದು ಕೂಗಾಡಿದರು. ನೋಡಿದರೆ ಬಲಗಣ್ಣಿನ ಗಾಜು ಎಡಕ್ಕೆ, ಎಡಗಣ್ಣಿನದು ಬಲಕ್ಕೆ! ಅಂಗಡಿ ತುಂಬ ಜನ. ಕನ್ನಡಕದಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಎಡ ಬಲ ತಿಳಿಯದವಳಿಗೆ ಈ ಅಂಗಡಿಯಲ್ಲಿ ಏನು ಕೆಲಸ?” ಎಂದುಬಿಟ್ಟಳು. ಮಗಳು ಒಂದೇ ಮಾತು ಹೇಳಿದ್ದಳು. “ಚೀಟಿಯಲ್ಲಿ ಇದ್ದಹಾಗೆ ಮಾಡಿದ್ದೀನಮ್ಮ.” ಅಷ್ಟಕ್ಕೆ ಅಮ್ಮ ಇನ್ನೂ ಕೆರಳಿದಳು. ಮಗಳು ಕೆಲಸದ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ ಮೆಟ್ಟಿಲಿಳಿದು ಹೋದವಳು, ಮತ್ತೆ ಹತ್ತಲಿಲ್ಲ.

ಬೀದಿಯ ತುದಿಯ ಕಣ್ಣಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಊರಾಚೆ ಇದ್ದ ಅಲ್ಲಿನ ನೌಕರರ ವಸತಿಯಲ್ಲಿ ಮನೆ ಮಾಡಿಕೊಂಡಳು. ಅಪ್ಪ, ತಮ್ಮ ಹೊರಗೆಲ್ಲೋ ಅವಳನ್ನು ಕಾಣುತ್ತಿದ್ದರೆಂದು ಕನ್ನಡಕದಮ್ಮನಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತಿದ್ದಳು. ತಮ್ಮನ ಮದುವೆಗೂ ಮಗಳು ಬಂದು, ಹಿಂದಿನ ಸಾಲಿನಲ್ಲಿ ಕೂತು, ಅಮ್ಮ ಕತ್ತು ತಿರುಗಿಸುವಷ್ಟರಲ್ಲಿ ಎದ್ದು ಹೋಗಿದ್ದಳು. ಅಂಥ ತಾಯಿಗೆ ಅಂಥ ಮಗಳು! ಹಟದಲ್ಲಿ ಒಬ್ಬರಿಗೊಬ್ಬರು ಬಿಟ್ಟುಕೊಡುವಂತಿರಲಿಲ್ಲ.

ಆದರೆ ಪ್ರತಿದಿನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಕನ್ನಡಕದಮ್ಮ ಕೈಕೆಲಸ ಬಿಟ್ಟು ಫೋನ್ ತೆಗೆಯುತ್ತಿದ್ದಳು. ವೈಫೈಯಲ್ಲಿ ಯಾರ್‍ಯಾರಿದ್ದಾರೆಂಬ ಪಟ್ಟಿ ಅದರಲ್ಲಿ ಕಾಣುತ್ತಿತ್ತು. ಮಗಳಿಗೆ ತಾನೇ ಕೊಡಿಸಿದ್ದ ಹಳೇ ಫೋನು ಆ ಹೊತ್ತಿಗೆ ಪಟ್ಟಿಯೊಳಗೆ ಬಂದು ಸೇರುತ್ತಿತ್ತು. ಎದುರಿನ ಬಸ್ ನಿಲ್ದಾಣದಲ್ಲಿ ಮಗಳು ಬಂದು ನಿಂತಳೆಂದು ಅರ್ಥ. ಆಸ್ಪತ್ರೆಯ ಗೇಟಿನೆದುರೇ ಬಸ್ಸು ನಿಲ್ಲುತ್ತಿದ್ದರೂ ಇಷ್ಟು ದೂರ ನಡೆದು ಬಂದು ಇಲ್ಲಿ ಹತ್ತುತ್ತಿದ್ದಳು. ಕಿಟಕಿಯಿಂದ ನೋಡೋಣವೆಂದರೆ ಅಂಗಡಿಯದೇ ದೊಡ್ಡ ಕನ್ನಡಕದ ಬೋರ್ಡು ಅಡ್ಡ. ನಾಲ್ಕು ಇಪ್ಪತ್ತೈದಕ್ಕೆ ಬಸ್ಸು ಬರುತ್ತಿತ್ತು, ಹೆಸರು ಪಟ್ಟಿಯಿಂದ ಮಾಯವಾಗುತ್ತಿತ್ತು. ಆ ಹದಿನೈದು ನಿಮಿಷ... ಆ ಹದಿನೈದು ನಿಮಿಷದ ಮೇಲೆ ಆ ತಾಯಿ ಆರು ವರ್ಷ ಬದುಕಿದ್ದಳು! ಹಳೇ ಕೀಲಿ ಮುಚ್ಚಿದರೆ ಆ ಫೋನಿಗೆ ಈ ಮನೆಯ ದಾರಿ ಮುಚ್ಚಿದಂತೆ.

ಹಾಗಾಗಿ ಆ ವಾರ ಕನ್ನಡಕದಮ್ಮ ಯುದ್ಧಕ್ಕಿಳಿದಳು. ಸೋಮವಾರ ಹೊಸ ಪೆಟ್ಟಿಗೆಯ ವಿದ್ಯುತ್ ತಂತಿಯನ್ನು ಸಕ್ಕರೆ ಡಬ್ಬದಲ್ಲಿ ಬಚ್ಚಿಟ್ಟಳು. ಸಂಜೆ ಕಾಫಿ ಮಾಡಲು ಹೋದ ಸೊಸೆ ಅದನ್ನು ತೆಗೆದು, ಸಕ್ಕರೆ ಕೊಡವಿ, ಏನೂ ಕೇಳದೆ ಜೋಡಿಸಿದಳು. ಮಂಗಳವಾರ ತಲೆಸುತ್ತು ಎಂದು ಮಲಗಿಬಿಟ್ಟಳು. ಸೊಸೆ ರಜೆ ಹಾಕಿ, ಒಂದು ಕೈ ಅತ್ತೆಯ ಹಣೆಯ ಮೇಲಿಟ್ಟು ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಕುಟ್ಟುತ್ತ ಇಡೀ ದಿನ ಮಗ್ಗುಲಲ್ಲೇ ಕೂತಳು. ತಲೆಸುತ್ತಿನ ದೆಸೆಯಿಂದ ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯಿತು! ಬುಧವಾರ ಕ್ಷೌರದಂಗಡಿಯವನನ್ನು ಎತ್ತಿಕಟ್ಟಿ ಕಳಿಸಿದಳು. ಅವನು ಕತ್ತರಿ ಹಿಡಿದುಕೊಂಡೇ ಬಂದು, “ಇದು ಅನ್ಯಾಯ ತಾಯೀ! ಬೀದಿಯವರ ಹೊಟ್ಟೆ ಮೇಲೆ ಹೊಡೀಬೇಡಿ!” ಎಂದು ಗೋಳಾಡಿದ. ಸೊಸೆ ನಗುತ್ತ ಚೀಟಿಯೊಂದನ್ನು ಅವನ ಕೈಗಿಟ್ಟಳು. “ನಿಮಗೂ ಒಂದು ಮಾಡಿದ್ದೀನಿ. ಅಂಗಡಿ ಕಂಪ್ಯೂಟರ್ ಕಡೆ ಹೋಗೋಕಾಗಲ್ಲ, ಅಷ್ಟೆ. ಗಿರಾಕಿ ಮುಂದೆ ಗಟ್ಟಿಯಾಗಿ ಓದಬೇಡಿ.”

“ನನ್ನ ಹೆಸರಿಗೇ ಒಂದು ಕೀಲಿಯಾ? ನನ್ನೊಬ್ಬನಿಗೇ?” ಅವನ ಮುಖ ಅರಳಿತು. ಹಾಗೆಯೇ ಹಿಂದಿರುಗಿ, ಕನ್ನಡಕದಮ್ಮನ ಕಡೆ ತಿರುಗಿಯೂ ನೋಡದೆ ಹೊರಟುಹೋದ.

ಗುರುವಾರ ಮಧ್ಯಾಹ್ನ ಸೊಸೆ ಕಾರ್ಖಾನೆಗೆ ಬಂದು ಅತ್ತೆಯೆದುರು ಸ್ಟೂಲು ಎಳೆದುಕೊಂಡು ಕೂತಳು. ಗಂಡಸರಿಬ್ಬರೂ ಕೆಳಗಿದ್ದರು.

“ಅತ್ತೆ, ಹಳೇ ಪಟ್ಟಿ ನೋಡಿ ಒಂದೊಂದಕ್ಕೂ ಹೊಸ ಕೀಲಿ ಮಾಡ್ತಿದ್ದೀನಿ. ಎಲ್ಲಾ ಗೊತ್ತಾಯ್ತು. ಒಂದು ಮಾತ್ರ ಗೊತ್ತಾಗ್ತಿಲ್ಲ.”

“ಏನದು?”

“ಇಲ್ಲಿ ‘ಗೋಡೆ ಗಡಿಯಾರ’ ಅಂತ ನೀವೇ ಹೆಸರು ಹಾಕಿದ್ದೀರಿ. ನಮ್ಮ ಗೋಡೆ ಗಡಿಯಾರಕ್ಕೆ ಯಾವಾಗಿಂದ ವೈಫೈ ಬೇಕಾಯ್ತು? ಅದಕ್ಕೆ ಕೀಲಿ ಕೊಡೋದು ಮಾವ, ಭಾನುವಾರ, ಕೈಯಿಂದ!”

ಕನ್ನಡಕದಮ್ಮ ಗಾಜು ಉಜ್ಜುವ ಕೈ ನಿಲ್ಲಿಸಲಿಲ್ಲ. “ಇರುತ್ತೆ ಬಿಡು. ಈಗಿನ ಗಡಿಯಾರ.”

“ದಿನಾ ನಾಲ್ಕೂ ಹತ್ತಕ್ಕೆ ಬರುತ್ತೆ, ನಾಲ್ಕೂ ಇಪ್ಪತ್ತೈದಕ್ಕೆ ಹೋಗುತ್ತೆ. ಭಾನುವಾರ ಬರೋದೇ ಇಲ್ಲ. ಯಾರೋ ಬೀದಿಯವರು ಇರಬೇಕು ಅತ್ತೆ. ಇದೊಂದನ್ನ ಈಗಲೇ ತೆಗೆದುಬಿಡ್ತೀನಿ...”

“ಮುಟ್ಟಬೇಡ!”

ಉಜ್ಜುತ್ತಿದ್ದ ಗಾಜು ಕೈಜಾರಿ ನೆಲಕ್ಕೆ ಬಿತ್ತು. ಕನ್ನಡಕದಮ್ಮ ಸೊಸೆಯ ಎರಡೂ ಕೈಗಳನ್ನು ಹಿಡಿದುಕೊಂಡಿದ್ದಳು. ಆ ಹಿಡಿತದಲ್ಲಿ ಅಧಿಕಾರವಿರಲಿಲ್ಲ.

“ಮುಟ್ಟಬೇಡ ಕಣೇ... ಅದು ಗಡಿಯಾರ ಅಲ್ಲ. ಅದು... ಅದು ನನ್ನ ಮಗಳು!”

ಆರು ವರ್ಷದ ಬಿಗಿ ಅಲ್ಲಿಗೆ ಸಡಿಲಿತು. ಅತ್ತೆ ಅತ್ತದ್ದನ್ನು ಸೊಸೆ ಅದೇ ಮೊದಲು ನೋಡಿದ್ದು. ಕನ್ನಡಕ ತೆಗೆದು ಬದಿಗಿಟ್ಟು, ಸೆರಗನ್ನು ಬಾಯಿಗೊತ್ತಿಕೊಂಡು ಎಲ್ಲವನ್ನೂ ಹೇಳಿದಳು. ಕೊನೆಗೆ ಲೆನ್ಸ್ ಪೆಟ್ಟಿಗೆಯ ತಳದಿಂದ ಹಳದಿಯಾದ ಚೀಟಿಯೊಂದನ್ನು ತೆಗೆದಳು. ಟೀಚರ ಚೀಟಿ. ಬಲಗಣ್ಣು, ಎಡಗಣ್ಣು ಎಂದು ಗೆರೆ ಎಳೆದ ಎರಡು ಮನೆ. ಅಂಕಿಗಳು ಕನ್ನಡಕದಮ್ಮನ ಕೈಬರಹದಲ್ಲೇ ಇದ್ದವು.

“ಅವಳು ಹೋಗಿ ಮೂರು ದಿನಕ್ಕೆ ಇದು ಸಿಕ್ಕಿತು. ನೋಡು, ಬಲದ್ದನ್ನ ಎಡದ ಮನೇಲಿ ಬರೆದಿದ್ದೀನಿ. ಗಿರಾಕಿ ಎದುರಿಗೆ ಕೂತಿದ್ದಾಗ ಅವರ ಬಲ ನಮ್ಮ ಎಡಕ್ಕೆ ಬರುತ್ತಲ್ಲ, ಅದರಲ್ಲಿ ಎಡವಿದ್ದೀನಿ. ತಪ್ಪು ನಂದು ಕಣೇ! ಅವಳದ್ದಲ್ಲ! ಅಷ್ಟು ಜನರ ಮುಂದೆ ಬಯ್ದ ಬಾಯಿಂದ, ‘ತಪ್ಪು ನಂದು’ ಅಂತ ಹೇಳೋಕೆ ಮೊದಲ ದಿನ ನಾಚಿಕೆ ಆಯ್ತು. ಆಮೇಲೆ ತಡ ಆಯ್ತು. ಆಮೇಲೆ... ಆರು ವರ್ಷ ಆಯ್ತು.”

ಸೊಸೆ ಅತ್ತೆಯ ತಲೆಯನ್ನು ತನ್ನ ಹೆಗಲಿಗೊರಗಿಸಿಕೊಂಡಳು. ಏಣಿ ಹೊತ್ತು ಗಟ್ಟಿಯಾದ ಹೆಗಲು ಅದು, ಎಷ್ಟು ಹೊತ್ತು ಬೇಕಾದರೂ ತಡೆಯುತ್ತಿತ್ತು.

“ಅಕ್ಕನಿಗೂ ಒಂದು ಕೀಲಿ ಮಾಡೋಣ,” ಎಂದಳು ಕೊನೆಗೆ. “ಅವರ ಹೆಸರಿಗೇ. ಯಾರು ಯಾವುದನ್ನ ಮುಚ್ಚಿದರೂ ಅದು ಮುಚ್ಚಲ್ಲ.”

“ಮಾಡ್ತೀಯಾ? ನಿಜವಾಗ್ಲೂ? ಹಾಗಾದ್ರೆ ಅವಳ ಫೋನಿಗೆ ಅದು ತಾನಾಗೇ ಹೋಗುತ್ತಾ?”

“ಇಲ್ಲ ಅತ್ತೆ. ಅದೇ ಇದರ ಕಷ್ಟ. ಕೀಲಿ ಗಾಳಿಯಲ್ಲಿ ಹೋಗಲ್ಲ. ಕೈಯಿಂದ ಕೈಗೇ ಕೊಡಬೇಕು.” ಸೊಸೆ ಅತ್ತೆಯ ಮುಖ ನೋಡಿದಳು. “ಮಾವನ ಕೈಲಿ ಕೊಟ್ಟು ಕಳಿಸಬಹುದು. ಆದರೆ ಅಕ್ಕ ಆರು ವರ್ಷದಿಂದ ಅಲ್ಲಿ ಬಂದು ನಿಲ್ತಿರೋದು ಮಾವನಿಗೋಸ್ಕರ ಅಲ್ಲ.”

ಕನ್ನಡಕದಮ್ಮ ಹಳದಿ ಚೀಟಿಯನ್ನು ಮತ್ತೆ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಆಮೇಲೆ ಮೂಗು ಒರೆಸಿಕೊಂಡು, “ಚೀಟಿ ನಾನೇ ಬರೀತೀನಿ. ಈ ಮನೇಲಿ ಚೀಟಿ ಬರೆಯೋಳು ನಾನೇ. ಗಂಡಸರಿಗೆ ಮಾತ್ರ ಈಗಲೇ ಹೇಳಬೇಡ. ಕೊನೆ ಗಳಿಗೇಲಿ ನನ್ನ ಕಾಲು ಬರದಿದ್ರೆ?” ಎಂದಳು.

ಕಣ್ಣಿನ ಚೀಟಿಗಳ ಹಳೇ ಕಟ್ಟೊಂದು ಅಲ್ಲೇ ಇತ್ತು. “ಬಲಗಣ್ಣು ನನ್ನದು, ಎಡಗಣ್ಣು ಮಗಳದು,” ಎನ್ನುತ್ತ ಒಂದು ಮನೆಯ ಮೇಲೆ ‘ನಾನು’ ಎಂದು, ಇನ್ನೊಂದರ ಮೇಲೆ ‘ಮಗಳು’ ಎಂದು ಬರೆದಳು. ಆ ಮೂರಕ್ಷರ ಬರೆದು ಎಷ್ಟು ಕಾಲವಾಗಿತ್ತೋ, ಕಣ್ಣು ಮತ್ತೆ ಮಂಜಾಯಿತು. ಎದುರಿಗೆ ಕೂತು ಸೊಸೆ ‘ಇದು ಬಲದ ಮನೆಗೆ, ಇದು ಎಡದ ಮನೆಗೆ’ ಎನ್ನುತ್ತ ಹನ್ನೆರಡು ಹನ್ನೆರಡು ಅಕ್ಷರದ ಎರಡು ಕೀಲಿಗಳನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಕನ್ನಡಕದಮ್ಮ ಮೂಗೇರಿಸಿಕೊಳ್ಳುತ್ತ ಬರೆದಳು. ಬರೆದು ನಡುವೆ ಮಡಚಿ, ಚೀಟಿಯನ್ನು ಸರಿಯಾಗಿ ಎರಡು ಮಾಡಿ ಹರಿದಳು.

ಶನಿವಾರ ಎರಡು ಗಂಟೆಗೆ ಹಳೇ ಕೀಲಿ ಮುಚ್ಚಿತು. ಬೀದಿಯಲ್ಲಿ ಅಲ್ಲಲ್ಲಿ “ಅಯ್ಯೋ” ಎಂಬ ಸದ್ದು ಕೇಳಿಸಿತು. ಕ್ಷೌರದಂಗಡಿಯವನು ಮಾತ್ರ ಗೆದ್ದವನಂತೆ ಬಾಗಿಲಲ್ಲಿ ನಿಂತಿದ್ದ. ಮೇಲೆ ಗಾಜು ಕೊರೆಯುವ ಯಂತ್ರ ಒಂದು ಸಲವೂ ನಿಲ್ಲದೆ ಓಡಿತು. ಕೆಳಗಿನ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಸೊಸೆ ಮೂಲೆಯ ಕಂಪ್ಯೂಟರಿನೆದುರು ಕೂತು, ಹೊಸ ಪಟ್ಟಿಯಲ್ಲಿ ಒಬ್ಬೊಬ್ಬರದೇ ಹೆಸರು ಹಸಿರಾಗುವುದನ್ನು ನೋಡುತ್ತಿದ್ದಳು.

ಕನ್ನಡಕದಮ್ಮ ಮಾತ್ರ ತನ್ನ ಕೀಲಿ ಇನ್ನೂ ಹಾಕಿರಲಿಲ್ಲ. ಮೂರಕ್ಕೆ ಮುಖ ತೊಳೆದಳು. ಮೂರೂವರೆಗೆ ಸೀರೆ ಬದಲಾಯಿಸಿದಳು. ನಾಲ್ಕಕ್ಕೆ ಇನ್ನೊಮ್ಮೆ ಬದಲಾಯಿಸಿದಳು. ಮಗಳ ಅರ್ಧ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ತಲೆಯಲ್ಲಿ ನಿಂತಾಗ ಅನುಮಾನವೊಂದು ಬಂತು. ಕೊಟ್ಟ ಕೀಲಿ ಕೆಲಸ ಮಾಡದಿದ್ದರೆ? ಆರು ವರ್ಷದ ಮೇಲೆ ಹೋಗಿ ನಗೆಪಾಟಲಾಗಿ ಬರುವುದೇ? ಮೊದಲು ತನ್ನದನ್ನು ಹಾಕಿ ನೋಡೋಣವೆಂದು ಅಲ್ಲೇ ಕೂತು, ‘ನಾನು’ ಎಂದು ಬರೆದಿದ್ದ ಚೂರಿನಿಂದ ಅಕ್ಷರ ನೋಡಿ ನೋಡಿ ಒತ್ತಿದಳು. ಫೋನು ಸೇರಿಕೊಂಡಿತು. ನಿಟ್ಟುಸಿರು ಬಿಟ್ಟು ಎದ್ದಳು. ಗಂಟೆ ನಾಲ್ಕೂ ಹನ್ನೆರಡು.

ಅಷ್ಟರಲ್ಲಿ ಕೆಳಗಿನಿಂದ ಸೊಸೆಯ ಕೂಗು ಕೇಳಿಸಿತು.

“ಸೇರಿದ್ರು! ಅಕ್ಕ ಸೇರಿದ್ರು! ಅತ್ತೇ, ಆಗಲೇ ಕೊಟ್ಟುಬಿಟ್ಟಿರಾ? ಪರದೆ ಮೇಲೆ ಅಕ್ಕನ ಹೆಸರು ಹಸಿರಾಗಿದೆ!”

ಯಜಮಾನರ ಕೈಯಿಂದ ಚೌಕಟ್ಟೊಂದು ಬಿತ್ತು. “ಯಾವ ಅಕ್ಕ?” ಎಂದರು. ಮಗನಿಗೆ ಅಷ್ಟೂ ಕೇಳುವ ವ್ಯವಧಾನವಿರಲಿಲ್ಲ. ಗಿರಾಕಿಯ ಮೂಗಿನ ಮೇಲೆ ಅರ್ಧ ಕೂರಿಸಿದ್ದ ಕನ್ನಡಕವನ್ನು ಹಾಗೇ ಬಿಟ್ಟು ಬಾಗಿಲಿಗೆ ಓಡಿದ. ಕನ್ನಡಕದಮ್ಮ ಮೆಟ್ಟಿಲ ನಡುವೆ ಕಲ್ಲಾಗಿ ನಿಂತಳು. ಸೊಂಟ ಮುಟ್ಟಿಕೊಂಡಳು. ಚೀಟಿ ಅಲ್ಲೇ ಇತ್ತು! ತಾನು ಕೊಡದ ಕೀಲಿ ಮಗಳ ಕೈ ಸೇರಿದ್ದು ಹೇಗೆ?

ಬಾಗಿಲಲ್ಲಿ ಮಗ ಯಾರಿಗೋ ಢಿಕ್ಕಿ ಹೊಡೆದ. ಆಸ್ಪತ್ರೆಯ ತಿಳಿನೀಲಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಬಿರುಕು ಬಿಟ್ಟ ಹಳೇ ಫೋನು, ಕೆಂಡದಂಥ ಕಣ್ಣು.

“ಅಕ್ಕಾ! ಸೇರಿದೆಯಂತೆ!”

“ಎಲ್ಲಿ ಸೇರಿದ್ದೀನೋ? ಹೊರಗೆ ಹಾಕಿದ್ದೀರಲ್ಲ!” ಮಗಳು ತಮ್ಮನನ್ನು ಬದಿಗೆ ಸರಿಸಿ ಅಂಗಡಿಯ ನಡುವೆ ಬಂದು ನಿಂತಳು. ಮೆಟ್ಟಿಲ ಮೇಲಿದ್ದ ತಾಯಿ ಕಣ್ಣಿಗೆ ಬಿದ್ದಳು.

“ಮುಚ್ಚಿಬಿಟ್ಟೆಯಲ್ಲಮ್ಮ...” ಮಗಳು ಫೋನನ್ನು ಮೇಲೆತ್ತಿ ತೋರಿಸಿದಳು. “ಆರು ವರ್ಷ ಮಾತಾಡಲಿಲ್ಲ, ಸಹಿಸಿಕೊಂಡೆ. ಮಳೆ ಬರಲಿ ಬಿಸಿಲು ಬರಲಿ, ಅಲ್ಲಿ ಬಂದು ನಿಂತರೆ ಫೋನು ಇನ್ನೂ ಇದೇ ಮನೆಯದು ಅಂತಿತ್ತು. ಅಮ್ಮ ಪಾಸ್‌ವರ್ಡ್ ಬದಲಾಯಿಸಿಲ್ಲ, ಅಂದ್ರೆ ಬಾಗಿಲು ಹಾಕಿಲ್ಲ ಅಂದ್ಕೊಂಡಿದ್ದೆ. ಇವತ್ತು ಅದನ್ನೂ... ಅದನ್ನೂ ಕಿತ್ತುಕೊಂಡೆಯಾ?”

“ಇಲ್ಲ ಕಣೇ! ನಿನಗೇ ಅಂತ ಹೊಸದು ಮಾಡಿಸಿದ್ದೀನಿ ಕಣೇ! ತಗೊಂಡು ಬರ್ತಿದ್ದೆ... ನೋಡು, ಸೀರೆ ಉಟ್ಕೊಂಡು ನಿಂತಿದ್ದೀನಿ ನೋಡು!”

ಕನ್ನಡಕದಮ್ಮ ಉಳಿದ ಮೆಟ್ಟಿಲುಗಳನ್ನು ಹೇಗಿಳಿದಳೋ ಅವಳಿಗೇ ತಿಳಿಯದು. ಸೊಂಟದಿಂದ ಚೀಟಿಯ ಚೂರು ತೆಗೆದು ಮಗಳ ಕೈಗಿಟ್ಟಳು. ಅದರ ಮೇಲೆ ಅಮ್ಮನ ಕೈಬರಹದಲ್ಲಿ ‘ಮಗಳು’ ಎಂದಿತ್ತು. ಮಗಳು ಅದನ್ನು ನೋಡಿದಳು, ನೋಡುತ್ತಲೇ ಇದ್ದಳು. ಆ ಹನ್ನೆರಡು ಅಕ್ಷರಗಳನ್ನು ಒಂದೊಂದಾಗಿ ಫೋನಿಗೆ ಒತ್ತಿದಳು.

ಕಂಪ್ಯೂಟರಿನ ಮುಂದಿದ್ದ ಸೊಸೆ ಕಣ್ಣುಜ್ಜಿಕೊಂಡಳು. “ಅತ್ತೆ... ಈಗ ನಿಮ್ಮ ಹೆಸರು ಹಸಿರಾಯ್ತು!”

“ನಂದು ಆಗಲೇ ಹಾಕಿದ್ದೆನಲ್ಲೇ?”

“ಇಲ್ಲ ಅತ್ತೆ, ಆಗ ಹಸಿರಾಗಿದ್ದು ಅಕ್ಕನದು. ಈಗ ಅಕ್ಕ ಹಾಕಿದ್ದಕ್ಕೆ ನಿಮ್ಮದು...” ಸೊಸೆ ಹಣೆ ಬಡಿದುಕೊಂಡಳು. “ಅಯ್ಯೋ! ನಾನು ಎದುರಿಗೆ ಕೂತು ಓದಿದೆ. ನೀವು ಬಲದ ಮನೆಯದನ್ನ ಎಡದಲ್ಲಿ, ಎಡದ್ದನ್ನ ಬಲದಲ್ಲಿ ಬರೆದಿದ್ದೀರಿ!”

ಎಲ್ಲರ ಕಣ್ಣೂ ಕನ್ನಡಕದಮ್ಮನ ಮೇಲೆ. ಆರು ವರ್ಷದ ಹಿಂದೆ ಅವಳು ನಿಂತಿದ್ದದ್ದೂ ಇದೇ ಜಾಗ, ಹೀಗೇ ಜನ. ಅವಳ ಮುಖ ಕೆಂಪಾಯಿತು. ಆಮೇಲೆ, ಯಾರೂ ಕೇಳದಿದ್ದರೂ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ಕೇಳಿ ಎಲ್ಲರೂ! ಇವತ್ತು ಎಡ ಬಲ ಮಾಡಿದವಳು ನಾನು. ಅವತ್ತು ಟೀಚರ ಕನ್ನಡಕದಲ್ಲಿ ಮಾಡಿದವಳೂ ನಾನೇ! ಚೀಟಿ ನನ್ನ ಹತ್ರ ಇದೆ. ನನ್ನ ಮಗಳು ಚೀಟಿಯಲ್ಲಿದ್ದ ಹಾಗೇ ಮಾಡಿದ್ದಳು. ಅವಳ ತಪ್ಪು ಎಳ್ಳಷ್ಟೂ ಇರಲಿಲ್ಲ. ತಪ್ಪು ನಂದು... ನಂದೇ...”

ಮಗಳು ಮುಖ ಮುಚ್ಚಿಕೊಂಡಳು. ಹೆಗಲು ಕುಲುಕಿತು. ಅಳುತ್ತಿದ್ದಾಳೆಂದು ಅಪ್ಪ ಓಡಿಬಂದು ನೋಡಿದರೆ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

“ನನಗೆ ಗೊತ್ತಿತ್ತಮ್ಮ! ಅವತ್ತೇ ಗೊತ್ತಿತ್ತು. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಈ ಫೋನು ನೋಡು, ಕರೆ ಮಾಡೋಕೂ ಬರಲ್ಲ, ಯಾವ ಕೆಲಸಕ್ಕೂ ಬರಲ್ಲ. ದಿನಾ ಚಾರ್ಜ್ ಮಾಡಿ ಹೊತ್ತುಕೊಂಡು ಬರೋದು ಈ ಮನೆಗೆ ಸೇರೋಕೆ, ಅಷ್ಟಕ್ಕೇ!”

“ನಾನೂ ದಿನಾ ನೋಡ್ತಿದ್ದೆ ಕಣೇ... ನಾಲ್ಕೂ ಹತ್ತಕ್ಕೆ...”

“ನೋಡ್ತಿದ್ದೆಯಾ?”

“ಗೋಡೆ ಗಡಿಯಾರ ಅಂತ ಹೆಸರಿಟ್ಟಿದ್ರು ನಿಮಗೆ!” ಎಂದಳು ಸೊಸೆ ಮೂಗು ಒರೆಸಿಕೊಳ್ಳುತ್ತ. ಅಲ್ಲಿಗೆ ತಡೆದುಕೊಂಡಿದ್ದವರೆಲ್ಲ ನಕ್ಕುಬಿಟ್ಟರು. ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡದ್ದನ್ನು ಮೂಗಿನ ಮೇಲೆ ಅರ್ಧ ಕನ್ನಡಕವಿದ್ದ ಗಿರಾಕಿಯೂ ಒಂದೇ ಕಣ್ಣಿನಿಂದ ನೋಡಿ ಕಣ್ಣೀರು ಹಾಕಿದ. ನಾಲ್ಕೂ ಇಪ್ಪತ್ತೈದರ ಬಸ್ಸು ಬಂತು, ನಿಂತಿತು, ಹೋಯಿತು. ಯಾರೂ ಅದರ ಕಡೆ ನೋಡಲಿಲ್ಲ.

ಗಲಾಟೆ ಇಳಿದ ಮೇಲೆ ಸೊಸೆ ಮತ್ತೆ ಕಂಪ್ಯೂಟರಿನತ್ತ ತಿರುಗಿದಳು. “ಒಂದು ನಿಮಿಷ ಇರಿ ಅತ್ತೆ, ಎರಡು ಹೆಸರೂ ಸರಿ ಮಾಡಿಬಿಡ್ತೀನಿ.”

“ಮುಟ್ಟಬೇಡ!”

ಸೊಸೆ ಬೆಚ್ಚಿ ತಿರುಗಿದಳು. ಈ ಸಲ ಅತ್ತೆಯ ಮುಖದ ತುಂಬ ನಗು.

“ಅದೊಂದನ್ನ ಹಾಗೇ ಬಿಡು. ಅವಳ ಕೀಲಿ ನನ್ನ ಹತ್ರ ಇರಲಿ, ನನ್ನ ಕೀಲಿ ಅವಳ ಹತ್ರ ಇರಲಿ. ಉಳಿದಿದ್ದೆಲ್ಲ ನೀನು ಹೇಳಿದ ಹಾಗೆ.”

“ಅತ್ತೆ! ಒಬ್ಬರ ಕೀಲಿ ಇನ್ನೊಬ್ಬರ ಹತ್ರ ಇರಬಾರದು ಅಂತ ಒಂದು ವಾರದಿಂದ ಬಡ್ಕೊಂಡೆನಲ್ಲ!”

“ಇನ್ನೂ ಒಂದು ವಾರ ಬಡ್ಕೊ. ಮನೆ ಒಡೆಯೋಕೆ ಬಂದೆ ಅಂದಿದ್ದೆ ನಿನಗೆ...” ಕನ್ನಡಕದಮ್ಮ ಸೊಸೆಯ ಕೆನ್ನೆ ಸವರಿದಳು. “ನನ್ನ ನಾಲಿಗೆಗೂ ಎಡ ಬಲ ಗೊತ್ತಾಗಲ್ಲ ಕಣಮ್ಮ. ಮನಸ್ಸಿಗೆ ಹಚ್ಕೋಬೇಡ.”

ಮಗಳು ಆಸ್ಪತ್ರೆಯ ಕೆಲಸ ಬಿಡಲಿಲ್ಲ, ಬಿಡೆಂದು ಅಮ್ಮನೂ ಹೇಳಲಿಲ್ಲ. ಸೋಮವಾರ ನಾಲ್ಕು ಗಂಟೆಗೆ ಕನ್ನಡಕದಮ್ಮ ಅಂಗಡಿಯಲ್ಲೇ ಕೂತು ಗಾಜೊಂದನ್ನು ಒರೆಸುತ್ತಿದ್ದಳು. ಫೋನು ಮೇಲೆ ಅಡುಗೆಮನೆಯಲ್ಲೇ ಬಿದ್ದಿತ್ತು. ಮೂಲೆಯಲ್ಲಿ ಕಂಪ್ಯೂಟರ್ ನೋಡುತ್ತಿದ್ದ ಯಜಮಾನರು ನಾಲ್ಕೂ ಹತ್ತಕ್ಕೆ ಪಟ್ಟಿಯಲ್ಲಿ ಹೆಸರೊಂದು ಹಸಿರಾಗುತ್ತಲೇ ಕತ್ತೆತ್ತಿ, ಮೀಸೆಯಲ್ಲೇ ನಗುತ್ತ ಹೆಂಡತಿಯನ್ನು ಕರೆದರು.

“ಏಳು ಏಳು, ಕಾಫಿಗಿಡು. ನೀನು ಬಂದೆ.”

ಬಾಗಿಲಲ್ಲಿ ಮಗಳು ಚಪ್ಪಲಿ ಬಿಡುತ್ತಿದ್ದಳು.